ಧ್ವನಿತಂತು ಆಪರೇಷನ್ ಆದಮೇಲೆ: ಆಂಟಿಆಕ್ಸಿಡೆಂಟ್ ಗುಳಿಗೆ ಕೊಳ್ಳುವ ಮೊದಲು ಮಾಡಬೇಕಾದದ್ದು

ಧ್ವನಿತಂತಿನ ಗಂಟು ತೆಗೆಸಿಕೊಂಡು ಡಿಸ್ಚಾರ್ಜ್ ಆಗುವವರು ಈಗೀಗ ತಪ್ಪದೆ ತೋರಿಸುವುದು ಮೊಬೈಲಿಗೆ ಯಾರೋ ಕಳಿಸಿದ ಕೆಂಪು ಕ್ಯಾಪ್ಸೂಲ್ ಡಬ್ಬಿಯ ಫೋಟೊ. "ಇದು ಆಂಟಿಆಕ್ಸಿಡೆಂಟ್ ಅಂತ್ರಿ ಮೇಡಮ್, ತಗೊಂಡ್ರ ಗಾಯ ಲಗೂನ ಮಾಯ್ತೈತಂತ. ತರಸ್ಲೇನ್ರಿ?" ರೋಗಿ ಮಾತಾಡುವಂತಿಲ್ಲ, ಹಾಗಾಗಿ ಕೇಳುವವರು ಪಕ್ಕದಲ್ಲಿ ನಿಂತ ಮಗ ಅಥವಾ ಹೆಂಡತಿ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ರೋಗಿಗಳಿಗೆ ಧ್ವನಿ ಚಿಕಿತ್ಸೆ ಕೊಡುವವಳಾಗಿ ನನಗೆ ಈ ಪ್ರಶ್ನೆಯ ಮೇಲೆ ಸಿಟ್ಟಿಲ್ಲ. ಆಂಟಿಆಕ್ಸಿಡೆಂಟ್ ಅಂದರೆ ದೇಹದೊಳಗಿನ ಸುಡುವ ಆಮ್ಲಜನಕ ಕಣಗಳನ್ನು ತಣ್ಣಗೆ ಮಾಡುವ ವಸ್ತು. ಪ್ರಶ್ನೆಯ ಹಿಂದೆ ನಿಜವಾದ ವಿಜ್ಞಾನ ಇದೆ. ಆದರೆ ಆ ವಿಜ್ಞಾನ ಹೇಳುವುದಕ್ಕೂ ಡಬ್ಬಿಯ ಮೇಲೆ ಬರೆದಿರುವುದಕ್ಕೂ ಬಹಳ ಅಂತರ ಇದೆ. ಆ ಎಂಟುನೂರು, ಸಾವಿರ ರೂಪಾಯಿ ಖರ್ಚು ಮಾಡುವ ಮೊದಲು ಮಾಡಬೇಕಾದ ಕೆಲಸಗಳು ಹಲವು ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡೇ ಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಟು, ಪಾಲಿಪ್ ಎಂಬ ಮೆತ್ತನೆಯ ಬೆಳವಣಿಗೆ, ಸಿಸ್ಟ್ ಎಂಬ ಸಣ್ಣ ಚೀಲ, ಊತ, ಕ್ಯಾನ್ಸರ್ ಅನುಮಾನ, ಹೀಗೆ ಒಬ್ಬೊಬ್ಬರ ಆಪರೇಷನ್ ಒಂದೊಂದು ಬಗೆ. ಇಲ್ಲಿ ಬರೆದದ್ದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಸರ್ಜನ್ ಹೇಳಿದ್ದನ್ನೇ ಪಾಲಿಸಿ.

ಗಾಯದೊಳಗೆ ನಡೆಯುವುದೇನು

ಧ್ವನಿತಂತುಗಳು ಎರಡು. ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಗಂಡಸರು ಮಾತಾಡುವಾಗ ಅವು ಸೆಕೆಂಡಿಗೆ ಸುಮಾರು ನೂರು, ನೂರಿಪ್ಪತ್ತು ಸಲ, ಹೆಂಗಸರಲ್ಲಿ ಇನ್ನೂರರ ಆಸುಪಾಸು ಕಂಪಿಸುತ್ತವೆ. ಇಷ್ಟು ವೇಗ ಸಾಧ್ಯವಾಗುವುದು ಅವುಗಳ ಪದರಗಳಿಂದ. ಜಪಾನಿನ ವೈದ್ಯ ಮಿನೊರು ಹಿರಾನೊ 1974ರಲ್ಲಿ ಈ ಪದರಗಳ ಕೆಲಸವನ್ನು ವಿವರಿಸಿದರು: ಒಳಗೆ ಗಟ್ಟಿಯಾದ ಸ್ನಾಯು, ಮೇಲೆ ಸಡಿಲವಾದ ಹೊದಿಕೆ. ಹೊದಿಕೆಯ ತೆಳು ಚರ್ಮದ ಕೆಳಗಿರುವ ಪದರ ತಾಟಿನುಂಗಿನ ತಿರುಳಿನ ಹಾಗೆ ಮೆತ್ತಗೆ, ನೀರು ತುಂಬಿಕೊಂಡು ಇರುತ್ತದೆ. ದನಿ ಹುಟ್ಟುವುದು ಆ ಪದರದ ಅಲೆಯಲ್ಲಿ. ಗಂಟು, ಪಾಲಿಪ್‌ಗಳೆಲ್ಲ ಬೆಳೆಯುವುದೂ ಅಲ್ಲೇ. ಸರ್ಜನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತ, ಆ ಪದರದಾಚೆ ಕತ್ತರಿ ಹೋಗದಂತೆ ಕೈ ಬಿಗಿಹಿಡಿದು ಕೆಲಸ ಮಾಡುತ್ತಾರೆ.

ಗಾಯವಾದ ಕೂಡಲೇ ರಕ್ತದಲ್ಲಿನ ರಕ್ಷಣಾ ಕಣಗಳು ಅಲ್ಲಿಗೆ ಬರುತ್ತವೆ. ಅವು ಹೊರಬಿಡುವ ಕ್ರಿಯಾಶೀಲ ಆಮ್ಲಜನಕ ಕಣಗಳು ಒಂದು ಮಟ್ಟದವರೆಗೆ ಬೇಕೇ ಬೇಕು. ರೋಗಾಣುಗಳನ್ನು ಕೊಲ್ಲುವುದು ಅವೇ, ರಿಪೇರಿ ಶುರುಮಾಡಿ ಎಂದು ಸುತ್ತಲಿನ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವುದೂ ಅವೇ. ಅವು ಅತಿಯಾದಾಗ ಮಾತ್ರ ಒಳ್ಳೆಯ ಅಂಗಾಂಶವೂ ಸುಡುತ್ತದೆ, ಉರಿಯೂತ ಉದ್ದವಾಗುತ್ತದೆ, ರಿಪೇರಿಗೆ ಬಂದ ಕೋಶಗಳು ಕೊಲಾಜೆನ್ ನಾರನ್ನು ಅಡ್ಡಾದಿಡ್ಡಿಯಾಗಿ ಹೆಣೆಯುತ್ತವೆ. ಮೆತ್ತಗಿದ್ದ ಪದರ ಬಿಗಿಯಾದ ಕಲೆಯಾಗುತ್ತದೆ. ಬಿಗಿದ ಪದರದಲ್ಲಿ ಅಲೆ ಏಳುವುದಿಲ್ಲ, ದನಿ ಗೊಗ್ಗರಾಗುತ್ತದೆ, ಉಸಿರು ಸೋರುತ್ತದೆ. ಒಮ್ಮೆ ಕೂತ ಕಲೆಯನ್ನು ತೆಗೆಯುವ ಖಾತ್ರಿ ಮದ್ದು ಇನ್ನೂ ಬಂದಿಲ್ಲ. ಕಲೆ ಕೂರದಂತೆ ನೋಡಿಕೊಳ್ಳಬೇಕೆಂದು ನಾವು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಈ ಬಗ್ಗೆ ಜಪಾನಿನ ಸಂಶೋಧಕರು ಇಲಿಗಳಲ್ಲಿ ಮಾಡಿದ ಅಧ್ಯಯನ ಒಂದಿದೆ. ಇಲಿಯ ಧ್ವನಿತಂತಿಗೆ ಗಾಯ ಮಾಡಿ ನೋಡಿದಾಗ ಈ ಆಮ್ಲಜನಕ ಕಣಗಳು ಮೊದಲ ಮೂರು ದಿನ ವಿಪರೀತ ಹೆಚ್ಚಿದವು, ಅದರಲ್ಲೂ ಮೊದಲ ದಿನ. ಮುಂದೆ ಅದೇ ದಾರಿಯಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣದ ಆಂಟಿಆಕ್ಸಿಡೆಂಟನ್ನು ಗಾಯದ ಹಿಂದಿನ ದಿನದಿಂದಲೇ ತಿನ್ನಿಸಿ ನೋಡಿದರು. ಆ ಇಲಿಗಳಲ್ಲಿ ಕಲೆ ಕಡಿಮೆ ಆಯಿತು. ಮೊಬೈಲಿನ ಕೆಂಪು ಕ್ಯಾಪ್ಸೂಲಿನ ಮೂಲ ಇದು.

ಈಗ ಲೆಕ್ಕ ನೋಡಿ. ಇಲಿಗೆ ಕೊಟ್ಟದ್ದು ತೂಕದ ಒಂದು ಕಿಲೊಗೆ ದಿನಕ್ಕೆ 100 ಮಿಲಿಗ್ರಾಂ. 60 ಕಿಲೊ ತೂಕದ ಮನುಷ್ಯನಿಗೆ ನೇರವಾಗಿ ಗುಣಿಸಿದರೆ 6 ಗ್ರಾಂ. ಔಷಧಶಾಸ್ತ್ರದವರು ಇಲಿಯಿಂದ ಮನುಷ್ಯನಿಗೆ ಹಾಗೆ ನೇರವಾಗಿ ಗುಣಿಸುವುದಿಲ್ಲ, ತಗ್ಗಿಸಿಯೇ ಹಿಡಿಯುತ್ತಾರೆ. ತಗ್ಗಿಸಿದರೂ ಸುಮಾರು ಒಂದು ಗ್ರಾಂ ಬರುತ್ತದೆ. ಅಂಗಡಿಯ ಕ್ಯಾಪ್ಸೂಲಿನಲ್ಲಿ ಇರುವುದು ಸಾಮಾನ್ಯವಾಗಿ 4ರಿಂದ 12 ಮಿಲಿಗ್ರಾಂ. ಮನುಷ್ಯರಲ್ಲಿ ದಿನಕ್ಕೆ 24 ಮಿಲಿಗ್ರಾಂನಂತೆ 28 ದಿನ ಕೊಟ್ಟು ನೋಡಿದ ಒಂದು ಚಿಕ್ಕ ಅಧ್ಯಯನವೂ ಇದೆ. ಅದು ಗಂಟಲಿಗೆ ದಣಿವಾಗುವಷ್ಟು ಹೊತ್ತು ಓದಿಸಿದ ಆರೋಗ್ಯವಂತರ ಮೇಲೆ ನಡೆದದ್ದು. ಆಪರೇಷನ್ ಆದವರ ಗಾಯಕ್ಕೆ ಆ ಫಲಿತಾಂಶವನ್ನು ತಂದು ಅಂಟಿಸಲಾಗದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ಮೂರು ದಿನ ಗಾಯದ ಉರಿ ಜೋರಾಗಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ ಉರಿಗೆ ಸೌದೆ ಹಾಕದಿರುವುದು. ಮಾತು, ಕೆಮ್ಮು, ಹೊಗೆ, ಧೂಳು, ಹೊಟ್ಟೆಯಿಂದ ಮೇಲೇಳುವ ಆಮ್ಲ, ಇವು ಸೌದೆ. ಕ್ಯಾಪ್ಸೂಲ್ ಆಮೇಲಿನ ಮಾತು.

ಆಪರೇಷನ್ನಿಗೆ ಎರಡು ವಾರ ಇರುವಾಗ

ಬೀಡಿ, ಸಿಗರೇಟು, ಗುಟ್ಕಾ, ತಂಬಾಕು-ಸುಣ್ಣ ಇವತ್ತೇ ನಿಲ್ಲಿಸಿ. ಒಂದೊಂದು ದಮ್ಮಿನಲ್ಲೂ ಇದೇ ಬಗೆಯ ಸುಡುವ ಕಣಗಳು ನೇರವಾಗಿ ಧ್ವನಿತಂತಿನ ಮೇಲೆ ಬಂದು ಬೀಳುತ್ತವೆ. ಸೇದುವವರ ದೇಹ ಸಿ ಜೀವಸತ್ವವನ್ನು ಬೇಗ ಖರ್ಚು ಮಾಡುತ್ತದೆ. ಅವರಿಗೆ ಉಳಿದವರಿಗಿಂತ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕೆಂದು ಅಮೆರಿಕದ ಆಹಾರ ಶಿಫಾರಸಿನಲ್ಲೇ ಇದೆ. ಒಂದು ಕಟ್ಟು ಬೀಡಿ ಸೇದಿ ಮೇಲೆ ಆಂಟಿಆಕ್ಸಿಡೆಂಟ್ ಗುಳಿಗೆ ನುಂಗಿದರೆ ಯಾವ ಲಾಭವೂ ಇಲ್ಲ. ಬಿಡುವುದು ಕಷ್ಟ ಅನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಆಪರೇಷನ್ ಆದಮೇಲೆ ನಿಮಗೆ ಮಾತಾಡಲು ಬರುವುದಿಲ್ಲವಾದ್ದರಿಂದ ಫೋನನ್ನು ಈಗಲೇ ಮಾಡಿ.

ನೀವು ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ, ಆಯುರ್ವೇದದ್ದು, ಶಕ್ತಿಗುಳಿಗೆ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಹೆಚ್ಚು ಪ್ರಮಾಣದ ಇ ಜೀವಸತ್ವ, ಮೀನೆಣ್ಣೆ, ಗಿಂಕ್ಗೊ ಎಂಬ ಮರದೆಲೆಯ ಸಾರ ಮುಂತಾದವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರು ಹೇಳುತ್ತಾರೆ. ಹೃದಯದ ತೊಂದರೆಗೆ ಕೊಟ್ಟ ರಕ್ತ ತೆಳುವಾಗಿಸುವ ಗುಳಿಗೆಯನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಗೆ ತನ್ನಿ. ಸಕ್ಕರೆ ಏರಿದ ರಕ್ತದಲ್ಲಿ ಯಾವ ಗಾಯವೂ ಚೆನ್ನಾಗಿ ಮಾಯುವುದಿಲ್ಲ.

ಮೊದಲ ಮೂರು ದಿನ

ಪೂರ್ತಿ ಮೌನ. ಎಷ್ಟು ದಿನ ಎಂಬುದರಲ್ಲಿ ವೈದ್ಯರಿಗೆ ವೈದ್ಯರಿಗೆ ವ್ಯತ್ಯಾಸ ಇದೆ. ಜಪಾನಿನಲ್ಲೇ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 3 ದಿನ, ಇನ್ನೊಂದಕ್ಕೆ 7 ದಿನ ಮೌನ ಹೇಳಿದರು. ಆಮೇಲೆ ಇಬ್ಬರಿಗೂ ಧ್ವನಿ ಚಿಕಿತ್ಸೆ ಕೊಟ್ಟರು. ಮೂರು ದಿನದವರ ದನಿಯೇ ಬೇಗ ಸುಧಾರಿಸಿತು. ಗಾಯದ ಕೋಶಗಳು ನಾರು ಹೆಣೆಯುವ ಹೊತ್ತಿಗೆ ಹದವಾದ ಸಣ್ಣ ಕಂಪನ ಸಿಕ್ಕರೆ ನಾರು ಸರಿಯಾದ ದಿಕ್ಕಿನಲ್ಲಿ ಕೂರುತ್ತದೆ ಎಂಬುದು ಇದರ ಹಿಂದಿನ ವಿಚಾರ. ಹಾಗಾಗಿ "ತಿಂಗಳುಗಟ್ಟಲೆ ಬಾಯಿ ಬಿಡಬ್ಯಾಡ" ಎಂದು ಹಿರಿಯರು ಪ್ರೀತಿಯಿಂದ ಹೇಳಿದರೂ ಅದು ಬೇಡ. ನಿಮ್ಮ ಸರ್ಜನ್ ಐದು ದಿನ ಅಂದಿದ್ದರೆ ಐದು, ಏಳು ಅಂದಿದ್ದರೆ ಏಳು.

ಮೌನ ಅಂದರೆ ಪಿಸುಮಾತೂ ಇಲ್ಲ. ಒತ್ತಿ ಪಿಸುಗುಟ್ಟುವಾಗ ಹಲವರ ಧ್ವನಿಪೆಟ್ಟಿಗೆ ಮಾತಿಗಿಂತ ಬಿಗಿಯಾಗುತ್ತದೆ. "ದನಿ ಬಂತಾ ನೋಡೋಣ" ಎಂದು ಬಾತ್‌ರೂಮಿನಲ್ಲಿ ನಿಂತು ಒಂದು ಸಲ "ಹ್ಞಾಂ" ಅನ್ನುವುದೂ ಬೇಡ. ಗಂಟಲು ಕೆರೆದುಕೊಳ್ಳುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಒಂದೊಂದು ಸಲ "ಹ್ಹಾಕ್" ಅಂದಾಗಲೂ ಹೊಲಿಗೆ ಇಲ್ಲದ ಆ ಹಸಿ ಗಾಯದ ಅಂಚುಗಳು ಒಂದಕ್ಕೊಂದು ಅಪ್ಪಳಿಸುತ್ತವೆ. ಕೆರೆತ ಬಂದಾಗ ಒಂದು ಗುಟುಕು ನೀರು ಬಾಯಲ್ಲಿಟ್ಟು, ಗದ್ದ ಸ್ವಲ್ಪ ಕೆಳಗೆ ಮಾಡಿ ನುಂಗಿ. ಹಾಸಿಗೆಯ ಪಕ್ಕ ತಂಬಿಗೆ ಇರಲಿ. ಕೆಮ್ಮು ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿಸಿ. ಅದಕ್ಕೆ ಔಷಧಿ ಇದೆ, ಸಹಿಸಿಕೊಂಡು ಕೂರಬೇಡಿ.

ನಮ್ಮ ಕಡೆ ಮೌನ ಮುರಿಯುವುದು ರೋಗಿಯಿಂದ ಕಡಿಮೆ, ಬಂಧುಗಳಿಂದ ಹೆಚ್ಚು. ಆಸ್ಪತ್ರೆಯಿಂದ ಬಂದರೆಂದು ತಿಳಿದ ಕೂಡಲೇ ಓಣಿಯವರೆಲ್ಲ ಬಿಸ್ಕೀಟು, ಬಾಳೆಹಣ್ಣು ಹಿಡಿದು ಮಾತಾಡಿಸಲು ಬರುತ್ತಾರೆ. "ಹ್ಯಾಂಗ ಐತ್ಯೋ ಯಪ್ಪಾ?" ಎಂದು ಸೋದರತ್ತೆ ಕೇಳಿದಾಗ ಸುಮ್ಮನೆ ಕೂರಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೆ ಬಾಗಿಲ ಚೌಕಟ್ಟಿಗೆ ಒಂದು ಹಾಳೆ ಅಂಟಿಸಿ: "ಗಂಟಲ ಆಪರೇಷನ್ ಆಗೇತಿ. ಶುಕ್ರವಾರದ ತನಕ ಮಾತಾಡಬಾರದಂತ ಡಾಕ್ಟರ್ ಹೇಳ್ಯಾರ. ಮನಿ ಮಂದಿ ಕೂಡ ಮಾತಾಡ್ರಿ." ಫೋನನ್ನು ಮನೆಯ ಇನ್ನೊಬ್ಬರ ಕೈಗೆ ಕೊಡಿ. ಬರೆಯಲು ಬರುವವರು ಮೊಬೈಲಿನಲ್ಲೋ ನೋಟ್‌ಬುಕ್ಕಿನಲ್ಲೋ ಬರೆಯಲಿ. ಸ್ಲೇಟು, ಸೀಮೆಸುಣ್ಣ ಬೇಡ, ಅದರ ಪುಡಿ ಕೆಮ್ಮು ಎಬ್ಬಿಸುತ್ತದೆ. ಓದು ಬರಹ ಇಲ್ಲದ ಹಿರಿಯರಿದ್ದರೆ ಆಪರೇಷನ್ನಿಗೆ ಮುಂಚೆಯೇ ನೀರು, ಊಟ, ನೋವು, ಬಹಿರ್ದೆಸೆ, ಉಸಿರು ಕಷ್ಟ ಈ ಐದಕ್ಕೆ ಕೈಸನ್ನೆ ಗೊತ್ತು ಮಾಡಿಕೊಳ್ಳಿ. ಅವರ ಕೈಗೆ ಸಿಗುವಂತೆ ಪೂಜೆಯ ಗಂಟೆಯನ್ನಾದರೂ ಇಡಿ. ಕರೆಯಲು ದಾರಿ ಇಲ್ಲದೆ ಕೂಗಿದವರೇ ಹೆಚ್ಚು.

ಭಾರ ಎತ್ತಬಾರದು. ತುಂಬಿದ ಕೊಡ ಎತ್ತುವಾಗ, ಭತ್ತದ ಚೀಲಕ್ಕೆ ಬೆನ್ನು ಕೊಡುವಾಗ ಉಸಿರು ಹಿಡಿಯುತ್ತೇವಲ್ಲ, ಆಗ ಎರಡೂ ಧ್ವನಿತಂತು ಬಿಗಿದು ಮುಚ್ಚಿಕೊಳ್ಳುತ್ತವೆ. ಮಲಬದ್ಧತೆಯಲ್ಲಿ ತಿಣುಕುವಾಗಲೂ ಹಾಗೆಯೇ. ಒಂದೆರಡು ವಾರ ನೀರು ತರುವ ಕೆಲಸ ಬೇರೆಯವರದಾಗಲಿ. ಇದನ್ನು ಗಂಡಂದಿರು ಓದಲಿ ಎಂದೇ ಒತ್ತಿ ಬರೆಯುತ್ತಿದ್ದೇನೆ.

ಗಂಟಲು ನೋವು, ದವಡೆ ಬಿಗಿತ, ನಾಲಿಗೆಗೆ ಜೋಮು ಅಥವಾ ರುಚಿ ಸ್ವಲ್ಪ ಕೆಟ್ಟಂತಾಗುವುದು ಕೆಲ ದಿನ ಇರಬಹುದು. ಆಪರೇಷನ್ನಿನಲ್ಲಿ ಬಾಯಿಯ ಮೂಲಕ ಲೋಹದ ಕೊಳವೆ ಹಾಕಿ ನಾಲಿಗೆಯನ್ನು ಒತ್ತಿ ಹಿಡಿದಿರುತ್ತಾರೆ, ಅದರ ಪರಿಣಾಮ ಇದು.

ತಟ್ಟೆಯಲ್ಲಿ ಏನಿರಬೇಕು

ಇಲ್ಲಿ ಒಂದು ತಪ್ಪು ತಿಳಿವಳಿಕೆ ತೆಗೆಯಲೇಬೇಕು. ನೀವು ನುಂಗುವ ಯಾವುದೂ ಧ್ವನಿತಂತನ್ನು ಮುಟ್ಟುವುದಿಲ್ಲ. ಜೇನುತುಪ್ಪವಾಗಲಿ, ಕಷಾಯವಾಗಲಿ, ಅರಿಶಿನದ ಹಾಲಾಗಲಿ ಹೋಗುವುದು ಹಿಂದಿನ ಅನ್ನನಾಳಕ್ಕೆ. ಧ್ವನಿತಂತು ಇರುವುದು ಮುಂದಿನ ಗಾಳಿಯ ದಾರಿಯಲ್ಲಿ. ನುಂಗುವ ಕ್ಷಣಕ್ಕೆ ಆ ದಾರಿ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಏನಾದರೂ ಒಂದು ಹನಿ ಹೋದರೆ ಅದೇ ನೆತ್ತಿಗೇರುವುದು, ಪ್ರಾಣ ಹೋಗುವಂತೆ ಕೆಮ್ಮುವುದು. ಹಾಗಾಗಿ ಆಹಾರದ ಆಂಟಿಆಕ್ಸಿಡೆಂಟ್ ಗಾಯಕ್ಕೆ ಮುಟ್ಟಬೇಕಾದರೆ ಹೊಟ್ಟೆಯಲ್ಲಿ ಅರಗಿ, ರಕ್ತದ ಮೂಲಕವೇ ಬರಬೇಕು. ಬಿಸಿನೀರಿನ ಹಿತ ಗಂಟಲಿನ ಮೇಲ್ಭಾಗಕ್ಕೆ. ಹಿತ ಅನ್ನಿಸಿದರೆ ಕುಡಿಯಿರಿ, ಆದರೆ ಗಾಯವನ್ನು ಅದು ತೊಳೆಯುತ್ತದೆ ಎಂದುಕೊಳ್ಳಬೇಡಿ.

ರಕ್ತದ ಮೂಲಕ ಬರುವುದರಲ್ಲಿ ನನ್ನ ಮೊದಲ ಆಯ್ಕೆ ಪೇರಲ ಹಣ್ಣು. ದೊಡ್ಡವರಿಗೆ ದಿನಕ್ಕೆ ಬೇಕಾದ ಸಿ ಜೀವಸತ್ವ ಭಾರತೀಯ ಶಿಫಾರಸಿನ ಪ್ರಕಾರ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ನೂರು ಗ್ರಾಂ ಪೇರಲದಲ್ಲೇ 200 ಮಿಲಿಗ್ರಾಂ ದಾಟುತ್ತದೆ. ಒಂದು ನಡುಗಾತ್ರದ ಹಣ್ಣು ತಿಂದರೆ ದಿನದ ಲೆಕ್ಕ ಮುಗಿದು ಮಿಗುತ್ತದೆ. ಕೊಲಾಜೆನ್ ನಾರು ಗಟ್ಟಿಯಾಗಿ ಹೆಣೆದುಕೊಳ್ಳಲು ಈ ಜೀವಸತ್ವ ಬೇಕೇ ಬೇಕು, ಅದಿಲ್ಲದೆ ಗಾಯ ಕೂಡುವುದಿಲ್ಲ. ಮೊದಲ ದಿನಗಳಲ್ಲಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳದಂತೆ ಚೆನ್ನಾಗಿ ಹಣ್ಣಾದದ್ದನ್ನು ಕಿವುಚಿ ಸೋಸಿ ಕೊಡಿ. ಉಪ್ಪು-ಖಾರ ಸವರುವುದು ಆಮೇಲೆ. ನೆಲ್ಲಿಕಾಯಿಯಲ್ಲೂ ಸಿ ಜೀವಸತ್ವ ಯಥೇಚ್ಛ, ಆದರೆ ಉಪ್ಪಿನಕಾಯಿ ರೂಪದಲ್ಲಿ ಬೇಡ. ಪಪ್ಪಾಯ ಹಣ್ಣು ಮೆತ್ತಗೆ, ಹುಳಿಯಿಲ್ಲ, ಹೊಟ್ಟೆಯೂ ಸಲೀಸು. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಸಿಕ್ಕರೆ ಕಾಳು ಹಿಂಡಿ ಸಕ್ಕರೆ ಹಾಕದೆ ಕುಡಿಯಿರಿ.

ಗಾಯ ಕಟ್ಟುವುದು ಪ್ರೋಟೀನಿನಿಂದ. ಹಣ್ಣಿನ ಭರಾಟೆಯಲ್ಲಿ ಇದು ಮರೆತುಹೋಗುತ್ತದೆ. ಬರೀ ಗಂಜಿ ಕುಡಿಸಿ ವಾರ ಕಳೆಯುವ ಮನೆಗಳನ್ನು ನೋಡಿದ್ದೇನೆ. ಹೆಸರುಬೇಳೆ ಹಾಕಿ ಬೇಯಿಸಿದ ಮೆತ್ತನೆಯ ಅನ್ನ, ಜೋಳದ ನುಚ್ಚಿಗೆ ಮಜ್ಜಿಗೆ, ಬೇಯಿಸಿದ ಮೊಟ್ಟೆ, ಹಾಲು, ಮೊಸರು ಕೊಡಿ. ನುಗ್ಗೆ ಸೊಪ್ಪು, ರಾಜಗಿರಿ, ಮೆಂತ್ಯ ಪಲ್ಲೆಗಳನ್ನು ಬೇಳೆಯೊಳಗೆ ಹಾಕಿ ನುಣ್ಣಗೆ ಬೇಯಿಸಿ. ಇ ಜೀವಸತ್ವಕ್ಕೆ ಶೇಂಗಾ ಇದೆ, ಆದರೆ ಹುರಿದ ಕಾಳಿನ ಬದಲು ನೆನೆಸಿ ರುಬ್ಬಿ ಹಾಕಿ.

ಪುಡಿಗಳ ವಿಷಯದಲ್ಲಿ ಎಚ್ಚರ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ ಇಲ್ಲದೆ ನಮ್ಮ ಊಟ ಇಳಿಯುವುದಿಲ್ಲ ನಿಜ. ಒಣ ಪುಡಿಯನ್ನು ಬಾಯಿಗಿಟ್ಟು ಉಸಿರೆಳೆದರೆ ಸಾಕು, ಒಂದು ಚಿಟಿಕೆ ಗಾಳಿದಾರಿಗೆ ಹೋಗಿ ಐದು ನಿಮಿಷ ಕೆಮ್ಮಿಸುತ್ತದೆ. ಕಡಕ್ ರೊಟ್ಟಿಯ ಚೂರೂ ಅದೇ ಕೆಲಸ ಮಾಡುತ್ತದೆ. ಮೊದಲ ವಾರ ಪುಡಿಯನ್ನು ಮೊಸರಿನಲ್ಲಿ ಕಲಸಿಯೇ ತಿನ್ನಿ, ರೊಟ್ಟಿ ಮೆತ್ತಗಿರಲಿ, ಹಾಲಲ್ಲೋ ಸಾರಲ್ಲೋ ನೆನೆಯಲಿ.

ಆಮ್ಲ ಮೇಲೇಳುವ ತೊಂದರೆ, ಅಂದರೆ ಎದೆ ಉರಿ, ಹುಳಿತೇಗು, ಬೆಳಗ್ಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುವುದು ಇದ್ದವರಿಗೆ ಆಂಟಿಆಕ್ಸಿಡೆಂಟ್ ಪಟ್ಟಿಯೇ ತಿರುಗುಬಾಣ ಆಗಬಹುದು. ಟೊಮೆಟೊ, ನಿಂಬೆ, ಪುಂಡಿ ಪಲ್ಲೆ, ಹುಣಸೆ ಎಲ್ಲವೂ ಪೌಷ್ಟಿಕವೇ. ಆದರೆ ಉರಿ ಹೆಚ್ಚಿಸುವುದಾದರೆ ಈ ಒಂದು ತಿಂಗಳು ಬಿಡಿ. ಬೆಳಗಿನ ಒಗ್ಗರಣಿ-ಮಿರ್ಚಿಯನ್ನು ಬಿಡುವುದು ಕೊಪ್ಪಳದವರಿಗೂ ಬಳ್ಳಾರಿಯವರಿಗೂ ಸಂಕಟ ಎಂದು ಗೊತ್ತು. ಕರಿದ ಮೆಣಸಿನಕಾಯಿ ಮಾತ್ರ ಬೇಡ, ಒಗ್ಗರಣಿ ಮಂಡಕ್ಕಿ ಖಾರ ಕಮ್ಮಿ ಮಾಡಿಸಿ ಎರಡನೇ ವಾರದಿಂದ ತಿನ್ನಬಹುದು. ರಾತ್ರಿ ಊಟ ಮಲಗುವುದಕ್ಕೆ ಮೂರು ತಾಸು ಮೊದಲು ಮುಗಿಯಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸುಮಾರು ಆರು ಇಂಚು ಎತ್ತರಿಸಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಆಮ್ಲ ಇನ್ನಷ್ಟು ಏಳುತ್ತದೆ.

ನೀರನ್ನು ಮೂತ್ರದ ಬಣ್ಣ ನೋಡಿ ಕುಡಿಯಿರಿ. ತಿಳಿಹಳದಿ ಇದ್ದರೆ ಸಾಕಷ್ಟಾಗಿದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ಬೆಂಗಳೂರಿನವರಿಗೆ ಬರೆದ ಲೆಕ್ಕ ನಮಗೆ ಸಾಲದು. ಹೃದಯ, ಮೂತ್ರಪಿಂಡದ ರೋಗಿಗಳು ಡಾಕ್ಟರು ಹೇಳಿದ ಅಳತೆ ಮೀರಬೇಡಿ. ಚಹಾ ಎರಡು ಸಣ್ಣ ಕಪ್ ಅಡ್ಡಿಯಿಲ್ಲ.

ಗುಳಿಗೆ, ಪುಡಿ, ಬೇರು

ಊಟ ಸರಿಯಾಗಿ ಸೇರುತ್ತಿದ್ದರೆ ಆಂಟಿಆಕ್ಸಿಡೆಂಟ್ ಗುಳಿಗೆಯ ಅಗತ್ಯ ಬಹುತೇಕರಿಗೆ ಇಲ್ಲ. ಹಲ್ಲಿಲ್ಲದ, ಊಟ ಸೇರದ, ಸೊರಗಿದ ವೃದ್ಧರಿಗೆ ಡಾಕ್ಟರೇ ಸಾದಾ ಜೀವಸತ್ವದ ಗುಳಿಗೆ ಬರೆದುಕೊಟ್ಟರೆ ಕೊಡಿ. ಸಿ ಜೀವಸತ್ವವನ್ನು ಗ್ರಾಂಗಟ್ಟಲೆ ನುಂಗಿದರೆ ಕೆಲವರಲ್ಲಿ ಮೂತ್ರಪಿಂಡದ ಕಲ್ಲಿಗೆ ದಾರಿಯಾಗುತ್ತದೆ. ಬೆವರು ಹರಿಸಿ ನೀರು ಕಡಿಮೆ ಕುಡಿಯುವ ನಮ್ಮ ಬೇಸಿಗೆಯಲ್ಲಿ ಆ ಅಪಾಯ ಯಾಕೆ ಬೇಕು?

ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕೆರೋಟಿನ್ನಿನ ಗುಳಿಗೆಯ ವಿಷಯ ಗಂಭೀರ. ಧ್ವನಿತಂತಿನ ತೊಂದರೆಗೆ ಬರುವ ಗಂಡಸರಲ್ಲಿ ಸೇದುವವರು ಬಹಳ. ಫಿನ್‌ಲೆಂಡಿನಲ್ಲಿ ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಅಧ್ಯಯನ 1994ರಲ್ಲಿ ಹೊರಬಂತು: ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕ್ಯಾನ್ಸರ್ ತಡೆಯಲೆಂದು ಕೊಟ್ಟ ಗುಳಿಗೆ ಅದು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಅಧ್ಯಯನವನ್ನು 1996ರಲ್ಲಿ ನಡುವೆಯೇ ನಿಲ್ಲಿಸಿದರು. ಗಜ್ಜರಿ ತಿನ್ನಲು ಏನೂ ಅಡ್ಡಿಯಿಲ್ಲ. ಸೇದುವವರು, ಸೇದಿ ಬಿಟ್ಟವರು ಗುಳಿಗೆಯನ್ನು ಮಾತ್ರ ಮುಟ್ಟಬೇಡಿ.

ಬಯಾಪ್ಸಿಯಲ್ಲಿ (ತೆಗೆದ ತುಂಡಿನ ಪರೀಕ್ಷೆಯಲ್ಲಿ) ಕ್ಯಾನ್ಸರ್ ಬಂದು ಕರೆಂಟ್ ಕೊಡಿಸುವವರು, ಅಂದರೆ ರೇಡಿಯೇಷನ್ನಿಗೆ ಹೋಗುವವರು ಇನ್ನೂ ಎಚ್ಚರ ವಹಿಸಬೇಕು. ಕೆನಡಾದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 400 ಐಯು (ಜೀವಸತ್ವ ಅಳೆಯುವ ಮಾನ) ಇ ಜೀವಸತ್ವ ಕೊಟ್ಟು ನೋಡಿದರು. ಗುಳಿಗೆ ತಿನ್ನುತ್ತಿದ್ದ ಅವಧಿಯಲ್ಲಿ ಅವರಲ್ಲಿ ಎರಡನೇ ಕ್ಯಾನ್ಸರ್ ಹೆಚ್ಚು ಕಂಡುಬಂತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಪ್ರತಿ ಕುಟುಂಬಕ್ಕೂ ಹೇಳುತ್ತೇನೆ. ಕ್ಯಾನ್ಸರ್ ಡಾಕ್ಟರಿಗೆ ತೋರಿಸದೆ ಯಾವ ಶಕ್ತಿಪುಡಿಯನ್ನೂ ಶುರು ಮಾಡಬೇಡಿ.

ಅರಿಶಿನ ಹಾಕಿದ ಒಂದು ಲೋಟ ಹಾಲು ಮನೆಮಂದಿಯ ಕಾಳಜಿ, ಕುಡಿಯಿರಿ. ಅದರಲ್ಲಿನ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸೇರಿಸಲೆಂದು ಕರಿಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲು ಬೇರೆ ಔಷಧಿಗಳ ಮಟ್ಟವನ್ನೂ ಏರಿಸಬಹುದು, ಅಪರೂಪಕ್ಕೆ ಯಕೃತ್ತಿಗೂ ಪೆಟ್ಟು ಕೊಟ್ಟದ್ದಿದೆ. ಹಾಡುಗಾರರು ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧು ಬೇರು ದಿನಗಟ್ಟಲೆ ಮುಂದುವರಿದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇದ್ದವರು ಬಿಡಿ.

ಗಾಳಿ, ಧೂಳು, ಹೊಗೆ

ಹೊರಗಿನಿಂದ ಬಂದು ಧ್ವನಿತಂತನ್ನು ನೇರವಾಗಿ ಮುಟ್ಟುವುದು ಉಸಿರಾಡುವ ಗಾಳಿ ಮಾತ್ರ. ಸಂಡೂರಿನ ಗಣಿ ಲಾರಿಗಳ ಕೆಂಪು ಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್ಲುಗಳ ತೌಡು, ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಹತ್ತಿ ಎಳೆ, ಇವುಗಳ ನಡುವೆ ದುಡಿಯುವವರು ಕನಿಷ್ಠ ಎರಡು ವಾರ ರಜೆ ಕೇಳಿ. ಡಿಸ್ಚಾರ್ಜ್ ಪತ್ರದಲ್ಲೇ "ಧೂಳಿನ ಕೆಲಸ ಬೇಡ" ಎಂದು ಬರೆಸಿಕೊಂಡರೆ ಮೇಸ್ತ್ರಿ ಹತ್ತಿರ ವಾದ ಬೇಕಿಲ್ಲ. ಆಮೇಲೆ ಹೋದರೂ ಬರೀ ಟವೆಲ್ ಸುತ್ತಿಕೊಳ್ಳುವುದು ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿ.

ಮನೆಯೊಳಗೆ ಒಣಮೆಣಸಿನಕಾಯಿ ಹುರಿಯುವ ಘಾಟು, ಸೌದೆ ಒಲೆ, ಊದಿನಕಡ್ಡಿ, ಸೊಳ್ಳೆಬತ್ತಿ ಬೇಡ. ಖಾರ ಕುಟ್ಟಿಸುವ ಕೆಲಸ ಇದ್ದರೆ ಮುಂದಿನ ತಿಂಗಳಿಗೆ ಇಡಿ. ಹಬೆ ತೆಗೆದುಕೊಳ್ಳಲು ಡಾಕ್ಟರು ಹೇಳಿದ್ದರೆ ಬರೀ ನೀರಿನ ಹಬೆ ಸಾಕು. ಅಮೃತಾಂಜನ, ನೀಲಗಿರಿ ಎಣ್ಣೆ, ಮೆಂಥಾಲ್ ಹಾಕಿದರೆ ಮೂಗು ಬಿಟ್ಟಂತೆ ಹಿತ ಅನ್ನಿಸುತ್ತದೆ, ಆದರೆ ಗಾಯ ಕೆರಳುತ್ತದೆ. ಕುದಿಯುವ ಪಾತ್ರೆಯ ಮೇಲೆ ಚಾದರ ಹೊದ್ದು ಬಗ್ಗಬೇಡಿ, ಮಗುಚಿ ಸುಟ್ಟುಕೊಂಡವರಿದ್ದಾರೆ.

ದನಿ ಮತ್ತೆ ತೆರೆಯುವುದು

ಮೌನ ಮುಗಿದ ದಿನ ಬರುವ ದನಿ ಕೇಳಿ ಅಳುವವರೇ ಹೆಚ್ಚು. ಬಿರುಕು, ಗಾಳಿ, ಮಧ್ಯೆ ಮಧ್ಯೆ ಮಾಯ. ಇದು ಊತ ಇನ್ನೂ ಇಳಿಯದ ದನಿ, ವಾರಗಳಲ್ಲಿ ಬದಲಾಗುತ್ತದೆ. ಒಳಗಿನ ನಾರು ಹದಕ್ಕೆ ಬರುವುದು ತಿಂಗಳುಗಳ ಕೆಲಸ.

ನಾನು ಮೊದಲು ಕಲಿಸುವ ಅಭ್ಯಾಸ ಸ್ಟ್ರಾ ಮತ್ತು ಅರ್ಧ ಲೀಟರ್ ಬಾಟಲಿಯದು. ಬಾಟಲಿಯಲ್ಲಿ ಅರ್ಧ ನೀರು. ಸ್ಟ್ರಾದ ತುದಿ ನೀರಿನೊಳಗೆ ಎರಡು ಬೆರಳಿನಷ್ಟು ಮಾತ್ರ ಮುಳುಗಿರಲಿ. ಬೆನ್ನು ನೆಟ್ಟಗೆ, ಭುಜ ಸಡಿಲ. ತುಟಿಯನ್ನು ಸ್ಟ್ರಾದ ಸುತ್ತ ಮುಚ್ಚಿ ಮೊದಲು ಬರೀ ಗಾಳಿ ಊದಿ, ಗುಳ್ಳೆ ಒಂದೇ ಸಮ ಏಳಲಿ. ಅದು ಸರಿ ಬಂದಮೇಲೆ ಸಣ್ಣಗೆ "ಊ" ದನಿ ಸೇರಿಸಿ, ಗಟ್ಟಿಯಾಗಿ ಬೇಡ. ಗುಳ್ಳೆ ನಿಂತು ನಿಂತು ಬಂದರೆ ನೀವು ಗಂಟಲು ಹಿಂಡುತ್ತಿದ್ದೀರಿ ಎಂದರ್ಥ. ಬಾಯಿಯ ಕಡೆಯಿಂದ ಹಿಂದಕ್ಕೆ ಬರುವ ಒತ್ತಡ ಧ್ವನಿತಂತುಗಳು ಬಡಿದುಕೊಳ್ಳದಂತೆ ತಡೆಯುತ್ತದೆ. ಅವು ಮೃದುವಾಗಿ ಕಂಪಿಸುತ್ತವೆ. ಒಂದೆರಡು ನಿಮಿಷ, ದಿನಕ್ಕೆ ನಾಲ್ಕೈದು ಸಲ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಡಾಕ್ಟರು "ಶುರು ಮಾಡಿ" ಎನ್ನುವ ಮೊದಲು ಇದನ್ನೂ ಮಾಡುವಂತಿಲ್ಲ.

ಮಾತಿಗೆ ಮೊದಲ ವಾರ ತಾಸಿಗೆ ಐದರಿಂದ ಹತ್ತು ನಿಮಿಷ, ಒಂದು ಮಾರು ದೂರದಲ್ಲಿ ಕೂತವರ ಜತೆ, ಫ್ಯಾನು-ಟಿವಿ ಆರಿಸಿ. ಎರಡನೇ ವಾರ ಅದರ ಎರಡರಷ್ಟು. ಮಾಸ್ತರು, ಮೇಡಂನವರು ಶಾಲೆಗೆ ಮರಳುವಾಗ ಒಂದು ಪೀರಿಯಡ್‌ನಿಂದ ಶುರು ಮಾಡಿ, ಸೊಂಟಕ್ಕೆ ಕಟ್ಟುವ ಚಿಕ್ಕ ಮೈಕ್ ಕೊಳ್ಳಿ. ಕ್ಯಾಪ್ಸೂಲಿಗೆ ತೆಗೆದಿಟ್ಟ ದುಡ್ಡು ಇದಕ್ಕೆ ಹೋದರೆ ನನಗೆ ನಿಜಕ್ಕೂ ಸಂತೋಷ. ಎಪಿಎಂಸಿಯಲ್ಲಿ ಸವಾಲು ಕೂಗುವವರು, ಬಸ್ಸಿನ ಕಂಡಕ್ಟರುಗಳು ಒಂದು ತಿಂಗಳಾದರೂ ಬೇರೆ ಕೆಲಸ ಕೇಳಿ.

ಹೆಸರಾಂತ ರಂಗನಟ ಬಳ್ಳಾರಿ ರಾಘವರ ಈ ಸೀಮೆಯಲ್ಲಿ ನಾಟಕ, ಬಯಲಾಟದ ಹುಚ್ಚು ಇನ್ನೂ ಹಾಗೇ ಇದೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ರಾಕ್ಷಸ ಪಾತ್ರದವರು ಆರ್ಭಟಿಸುವುದನ್ನು ಕೇಳಿದವರಿಗೆ ಆ ಧ್ವನಿತಂತು ಪಡುವ ಪಾಡು ತಿಳಿಯುತ್ತದೆ. ಆರು ವಾರಕ್ಕೆ ಮುಂಚೆ ವೇದಿಕೆ ಬೇಡ. ಆರು ವಾರ ಆದಮೇಲೂ ಎಂಡೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಕೊಳವೆ ಹಾಕಿ, ಗಾಯ ಮಾಯ್ದದ್ದನ್ನು ನೋಡಿಯೇ ಹೋಗಿ. ಜಾತ್ರೆಯ ಆಟಕ್ಕೆ ವೀಳ್ಯ ಹಿಡಿದಿದ್ದರೆ ಆಪರೇಷನ್ ದಿನವನ್ನೇ ಅದಕ್ಕೆ ತಕ್ಕಂತೆ ಗೊತ್ತು ಮಾಡಿ. ಸರ್ಜನ್ನಿಗೆ ಇದನ್ನು ಮೊದಲೇ ಹೇಳಲು ಸಂಕೋಚ ಬೇಡ.

ಯಾವಾಗ ಓಡಬೇಕು, ಯಾವ ಕಾಗದ ತರಬೇಕು

ಉಸಿರಾಡಲು ಕಷ್ಟ, ಉಸಿರೆಳೆಯುವಾಗ ಸಿಳ್ಳೆಯಂಥ ಸದ್ದು, ಕೆಮ್ಮಿನಲ್ಲಿ ಹಸಿ ರಕ್ತ, ನೀರೂ ನುಂಗಲಾಗದ ಸ್ಥಿತಿ, ಇಳಿಯದ ಜ್ವರ, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿಸಿ.

ಕಿವಿ-ಮೂಗು-ಗಂಟಲು ವಿಭಾಗ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ (ಜನ ಇನ್ನೂ ವಿಮ್ಸ್ ಅನ್ನುತ್ತಾರೆ), ರಾಯಚೂರಿನ ರಿಮ್ಸ್‌ನಲ್ಲೂ, ಕೊಪ್ಪಳದ ಕಿಮ್ಸ್‌ನಲ್ಲೂ ಇದೆ. ಹತ್ತಿರದಲ್ಲಿ ಧ್ವನಿ ಚಿಕಿತ್ಸಕರು ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ವಿಚಾರಿಸಿ, ಆನ್‌ಲೈನಿನಲ್ಲೂ ಚಿಕಿತ್ಸೆ ಕೊಡುವ ವ್ಯವಸ್ಥೆ ಅಲ್ಲಿದೆ.

ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದರೆ ಆ ಬಯಾಪ್ಸಿ ವರದಿಯನ್ನು ತಪ್ಪದೆ ಇಸಿದುಕೊಳ್ಳಿ. ದನಿ ಸರಿಹೋಯಿತೆಂದು ವರದಿ ಕೇಳದೆ ಊರಿಗೆ ಹೋಗಿಬಿಡುವವರು ಬಹಳ ಮಂದಿ. ಸೇದುವವರ ಗಂಟಲಿನಲ್ಲಿ ಸಾದಾ ಊತದಂತೆ ಕಂಡದ್ದರೊಳಗೆ ಬೇರೇನೋ ಇರಬಹುದು. ವರದಿ, ಡಿಸ್ಚಾರ್ಜ್ ಪತ್ರ, ಎಂಡೋಸ್ಕೋಪಿ ಚಿತ್ರ ಮೂರನ್ನೂ ಒಂದೇ ಫೈಲಿನಲ್ಲಿಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಗೊಗ್ಗರು ದನಿ ಮತ್ತೆ ಬಂದು ಮೂರು-ನಾಲ್ಕು ವಾರ ಹೋಗದಿದ್ದರೆ ಅದೇ ಫೈಲ್ ಹಿಡಿದು ಮತ್ತೆ ತೋರಿಸಿ. ಸೇದುವವರಾದರೆ ಅಷ್ಟು ದಿನವೂ ಕಾಯಬೇಡಿ.